ನ್ಯೂ ಇಂಗ್ಲೆಂಡ್ ಕಾಡಿನಲ್ಲಿ ಗುರುತು ಹಿಡಿಯೋದು ಕಲಿತದ್ದು: ನನ್ನ ಅನುಭವ

ಇಲ್ಲಿನ, ಅಂದರೆ ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನ, ಕಾಡಿನ ಪರಿಚಯ ಮಾಡಿಕೊಳ್ಳಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ನವೆಂಬರ್‌ನಲ್ಲಿ ಶುರು ಮಾಡಿ. ಮ್ಯಾಸಚೂಸೆಟ್ಸ್‌ನಲ್ಲಿರುವ ನಮ್ಮವರು ಅಕ್ಟೋಬರ್‌ನಲ್ಲಿ ಬಣ್ಣ ನೋಡಲು ಕಾರು ಹತ್ತುತ್ತಾರೆ, ಎಲೆ ಉದುರಿತು ಅಂದರೆ ಏಪ್ರಿಲ್ ತನಕ ಆ ಕಡೆ ತಲೆ ಹಾಕುವುದಿಲ್ಲ. ನಾನು ಮಲೆನಾಡಿನವನು. ವರ್ಷವಿಡೀ ಹಸಿರು ನೋಡಿ ಬೆಳೆದವನಿಗೆ ಇಲ್ಲಿ ಅರ್ಧ ವರ್ಷ ಬರೀ ಕಡ್ಡಿ. ಆದರೆ ನಾನು ಕಲಿತದ್ದು ಆ ಕಡ್ಡಿಯಿಂದಲೇ. ನೋಡುವುದಕ್ಕೆ ಕಮ್ಮಿ ಇದ್ದಾಗ ಕಣ್ಣು ಒಂದು ಕಡೆ ನಿಲ್ಲುತ್ತದೆ.

ಮೊದಲು ಮೊಗ್ಗು ಹೇಗೆ ಕೂತಿದೆ ಅಂತ ನೋಡುತ್ತೇನೆ. ಎರಡೆರಡು ಎದುರುಬದುರಾಗಿ ಕೂತಿದ್ದರೆ, ದೊಡ್ಡ ಮರವಾದರೆ, ಅದು ಹೆಚ್ಚುಕಮ್ಮಿ ಮೇಪಲ್ ಅಥವಾ ಆ್ಯಶ್. ಒಂದು ಈ ಕಡೆ, ಮುಂದಿನದು ಆ ಕಡೆ ಅಂತಿದ್ದರೆ ಓಕ್, ಬರ್ಚ್, ಬೀಚ್, ಹಿಕರಿ, ಹೀಗೆ ಪಟ್ಟಿ ಉದ್ದವಿದೆ. ಬೀಚ್ ಸುಲಭ: ಉದ್ದನೆ ಚೂಪು ಮೊಗ್ಗು, ಬೂದಿ ಬಣ್ಣದ ನುಣುಪು ತೊಗಟೆ. ಹಳದಿ ಬರ್ಚ್‌ನ ಎಳೆ ಕಡ್ಡಿಯನ್ನು ಉಗುರಲ್ಲಿ ಕೆರೆದು ಮೂಸಿದರೆ ಕಾಲುನೋವಿಗೆ ಹಚ್ಚುವ ಮುಲಾಮಿನ ವಾಸನೆ ಬರುತ್ತದೆ. ಎರಡರಲ್ಲೂ ಇರುವುದು ಮೀಥೈಲ್ ಸ್ಯಾಲಿಸಿಲೇಟ್. ಕಪ್ಪು ಬರ್ಚ್‌ಗೂ ಅದೇ ವಾಸನೆ, ಆದರೆ ಅದರ ತೊಗಟೆ ತೆಳ್ಳಗೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವುದಿಲ್ಲ.

ಸೂಜಿ ಎಲೆಯ ಮರವಾದರೆ ಎಣಿಸಬೇಕು. ಒಂದು ಗೊಂಚಲಲ್ಲಿ 5 ಸೂಜಿ ಇದ್ದರೆ ಬಿಳಿ ಪೈನ್, 3 ಇದ್ದರೆ ಪಿಚ್ ಪೈನ್, 2 ಉದ್ದ ಸೂಜಿ ಇದ್ದರೆ ಕೆಂಪು ಪೈನ್. ಸೂಜಿ ಒಂದೊಂದೇ ಇದ್ದು, ಗಿಡ್ಡ, ಚಪ್ಪಟೆ ಅನ್ನಿಸಿದರೆ ಕೊಂಬೆ ತಿರುಗಿಸಿ ಅಡಿ ನೋಡಿ. ಎರಡು ಬಿಳಿ ಗೆರೆ, ಪ್ರತಿ ಸೂಜಿಗೂ ಸಣ್ಣದೊಂದು ತೊಟ್ಟು ಕಂಡರೆ ಅದು ಹೆಮ್ಲಾಕ್. ಹಾಗೆ ತಿರುಗಿಸಿದಾಗಲೇ ಸೂಜಿಯ ಬುಡದಲ್ಲಿ ಹತ್ತಿಯ ಚೂರಿನಂಥ ಬಿಳಿ ಉಂಡೆಗಳೂ ಕಾಣಬಹುದು. ಅದು ಅಡೆಲ್ಜಿಡ್ ಅನ್ನುವ ರಸ ಹೀರುವ ಕೀಟ. ಮೂಲ ಜಪಾನ್, ಪೂರ್ವ ಅಮೆರಿಕದಲ್ಲಿ ಮೊದಲು ವರದಿಯಾದದ್ದು 1951ರಲ್ಲಿ, ವರ್ಜೀನಿಯಾದಲ್ಲಿ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರವೊಂದು ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಅದರಲ್ಲಿ ಈ ಬಿಳಿ ಉಂಡೆ ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೆಮ್ಲಾಕ್ ನೆರಳು ಹೋದರೆ ಕೆಳಗಿನ ತೊರೆಯ ನೀರು ಬಿಸಿಯಾಗುತ್ತದೆ, ತಣ್ಣೀರಿನ ಮೀನಿಗೆ ಜಾಗವಿರುವುದಿಲ್ಲ.

ಪ್ರಾಣಿಗಳು ಕಣ್ಣಿಗೆ ಬೀಳುವುದು ಅಪರೂಪ, ಗುರುತು ಮಾತ್ರ ಎಲ್ಲೆಲ್ಲೂ. ಕಡ್ಡಿಯ ತುದಿ ಹರಿದಂತೆ ಚಿಂದಿಯಾಗಿದ್ದರೆ ಜಿಂಕೆ ತಿಂದದ್ದು, ಯಾಕಂದರೆ ಹಸುವಿಗೆ ಇಲ್ಲದ ಹಾಗೆ ಅದಕ್ಕೂ ಮೇಲಿನ ಮುಂಹಲ್ಲು ಇಲ್ಲ. ಚಾಕುವಲ್ಲಿ ಓರೆಯಾಗಿ ಕತ್ತರಿಸಿದಂತಿದ್ದರೆ ಮೊಲ. ಹಿಮದ ಮೇಲೆ ನಾಲ್ಕು ಹೆಜ್ಜೆಯ ಗುಂಪು ಕಂಡರೆ ಚಿಕ್ಕವು, ಅಂದರೆ ಮುಂಗಾಲಿನವು, ಪಕ್ಕಪಕ್ಕ ಇವೆಯಾ ನೋಡಿ. ಇದ್ದರೆ ಸಾಮಾನ್ಯವಾಗಿ ಅಳಿಲು. ಒಂದರ ಹಿಂದೆ ಒಂದಾದರೆ ಮೊಲ.

ವಸಂತ ಬಂದರೆ ನೋಡುವುದು ಒಮ್ಮೆಲೇ ಜಾಸ್ತಿ. ಆಗ ನನ್ನ ಕೈ ಹಿಡಿದದ್ದು ಊರಿನ ಗಿಡಗಳ ನೆಂಟಸ್ತಿಕೆ. ಜೌಗಿನಲ್ಲಿ ಎಲ್ಲಕ್ಕಿಂತ ಮೊದಲು ಏಳುವ ಸ್ಕಂಕ್ ಕ್ಯಾಬೇಜ್ ನಮ್ಮ ಕೆಸುವಿನ ಕುಟುಂಬದ್ದು. ತಾನೇ ಶಾಖ ಹುಟ್ಟಿಸಿಕೊಂಡು ಸುತ್ತಲಿನ ಹಿಮ ಕರಗಿಸುತ್ತದೆ. ಮೇ ತಿಂಗಳಲ್ಲಿ ಕಾಣುವ ಜಾಕ್ ಇನ್ ದ ಪಲ್ಪಿಟ್ ಕೂಡ ಅದೇ ಕುಟುಂಬ, ಹಸಿ ಗೆಡ್ಡೆ ಬಾಯಿಗಿಟ್ಟರೆ ಅದೇ ತುರಿಕೆ. ಮುಖ್ಯವಾದ ನೆಂಟ ಮಾತ್ರ ಪಾಯ್ಸನ್ ಐವಿ. ಅದು ಮಾವು ಮತ್ತು ಗೇರಿನ ಕುಟುಂಬ. ಮಾವಿನ ಸೊನೆ ತಾಗಿ ತುಟಿ ಸುಟ್ಟವರು, ಗೇರುಬೀಜದ ಸಿಪ್ಪೆ ಎಣ್ಣೆಯಿಂದ ಕೈ ಬೊಕ್ಕೆ ಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಇದರ ರಸವೂ ಅದೇ ಬಗೆಯದು, ಜೋರು ಜಾಸ್ತಿ. ಮೂರು ಎಲೆ, ನಡುವಿನದಕ್ಕೆ ಉದ್ದ ತೊಟ್ಟು, ಪಕ್ಕದ ಎರಡಕ್ಕೆ ಗಿಡ್ಡ ತೊಟ್ಟು. ಮರ ಹತ್ತಿದ ಬಳ್ಳಿಯ ಮೈತುಂಬ ಕಂದು ಕೂದಲಿನಂಥ ಬೇರು. ಚಳಿಗಾಲದಲ್ಲಿ ಎಲೆಯಿಲ್ಲದ ಬಳ್ಳಿಯನ್ನೂ ಮುಟ್ಟಬಾರದು. ತಾಗಿದರೆ ತಡಮಾಡದೆ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನೂ.

ಅಣಬೆಯ ವಿಷಯದಲ್ಲಿ ಊರಿನ ತಿಳಿವಳಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ಮಳೆ ಶುರುವಾದಾಗ ಹುತ್ತದ ಹತ್ತಿರ ಏಳುವ ನಮ್ಮ ಬಿಳಿ ಅಣಬೆಯನ್ನು ಸಾಕುವುದು ಗೆದ್ದಲು. ಅಂಥ ಗೆದ್ದಲು ಏಷ್ಯಾ, ಆಫ್ರಿಕಾದಲ್ಲಿ ಮಾತ್ರ ಇವೆ, ಹಾಗಾಗಿ ಆ ಅಣಬೆ ಇಲ್ಲಿ ಇಲ್ಲವೇ ಇಲ್ಲ. ಇಲ್ಲಿ ಓಕ್ ಮರದಡಿ ಬೆಳ್ಳಗೆ ಚೆಂದಾಗಿ ನಿಂತಿರುವುದು ಡೆಸ್ಟ್ರಾಯಿಂಗ್ ಏಂಜೆಲ್ ಆಗಿರಬಹುದು. ತಿಂದ ತಕ್ಷಣ ಏನೂ ಗೊತ್ತಾಗುವುದಿಲ್ಲ, ಹಲವು ಗಂಟೆ ಕಳೆದ ಮೇಲೆ ವಾಂತಿ ಭೇದಿ, ಆಮೇಲೆ ಲಿವರ್ ಹೋಗುತ್ತದೆ. ಗುರುತಿಸಲು ಬುಡದ ಸುತ್ತ ಮಣ್ಣು ಬಿಡಿಸಬೇಕು: ಕಾಂಡದ ಬುಡ ಒಂದು ಬಿಳಿ ಚೀಲದೊಳಗೆ ಕೂತಿರುತ್ತದೆ, ಮೇಲೆ ತೆಳ್ಳನೆ ಉಂಗುರ, ಟೊಪ್ಪಿಗೆಯಡಿಯ ಪದರಗಳೂ ಬಿಳಿ. ಮೇಲಿಂದ ಕಿತ್ತರೆ ಚೀಲ ಮಣ್ಣಲ್ಲೇ ಉಳಿದುಬಿಡುತ್ತದೆ. ನಾನು ಕಾಡಿನ ಅಣಬೆ ತಿನ್ನುವುದಿಲ್ಲ, ಗುರುತಿಸುವುದೇ ನನಗೆ ಸಾಕಷ್ಟು ಖುಷಿ. ಬಿದ್ದ ಮರದ ಮೇಲೆ ಪಟ್ಟೆ ಪಟ್ಟೆಯಾಗಿ ಬೆಳೆಯುವ ಟರ್ಕಿ ಟೇಲ್‌ಗೂ ಅಡಿ ನೋಡುವುದೇ ದಾರಿ. ಸಣ್ಣ ರಂಧ್ರಗಳಿದ್ದರೆ ನಿಜವಾದದ್ದು, ನುಣ್ಣಗಿದ್ದರೆ ಅದರ ಹಾಗೆ ಕಾಣುವ ಸ್ಟೀರಿಯಮ್.

ಲೈಕೆನ್ ಅಂದರೆ ನಮ್ಮ ಅಡುಗೆಮನೆಯ ಕಲ್ಲುಹೂವು, ಅಲ್ವಾ. ಮಸಾಲೆ ಡಬ್ಬಿಯಿಂದ ಒಂದು ಚೂರು ತೆಗೆದು ಮಸೂರದಲ್ಲಿ ನೋಡಿ: ಮೇಲೆ ಬೂದಿ, ಅಡಿ ಕಪ್ಪು, ಅಂಚು ಸುರುಟಿಕೊಂಡ ಹಾಳೆ. ಇಲ್ಲಿನ ಓಕ್ ಕಾಂಡದ ಮೇಲೆ ಹಳದಿ ಮಿಶ್ರಿತ ಹಸಿರಾಗಿ ಹರಡಿರುವ ಗ್ರೀನ್‌ಶೀಲ್ಡ್ ಲೈಕೆನ್ ಅದೇ ಕುಟುಂಬದ್ದು. ನಾನು ನೀರು ಚಿಮುಕಿಸುವ ಸಣ್ಣ ಬಾಟಲಿ ಒಯ್ಯುತ್ತೇನೆ. ಹಳೆಯ ಮೇಪಲ್ ಮರದ ಮೇಲೆ ಒಣಗಿ ಮುದುಡಿದ, ಕಂದು ಬಣ್ಣದ ಲಂಗ್‌ವರ್ಟ್ ಕಂಡಾಗ ಸ್ವಲ್ಪ ನೀರು ಹಾಕಿದೆ. ನೋಡುತ್ತಿದ್ದ ಹಾಗೇ ಅಂಚುಗಳು ಬಿಡಿಸಿಕೊಂಡವು, ಮೇಲ್ಮೈಯ ಗುಳಿ, ಏಣುಗಳು ಎದ್ದು ಬಂದವು, ಇಡೀ ಹಾಳೆ ಎಳೆ ಹಸಿರಾಯಿತು. ಗಾಳಿ ಕೆಟ್ಟಲ್ಲಿ ಇದು ಬದುಕುವುದಿಲ್ಲ. ಹಳೆ ಮರ, ಶುದ್ಧ ಗಾಳಿ ಎರಡೂ ಬೇಕು. ದಯವಿಟ್ಟು ಕೀಳಬೇಡಿ, ತುಂಬ ನಿಧಾನ ಬೆಳೆಯುತ್ತದೆ.

ಹೆಸರು ಸಿಗದಿದ್ದರೆ ಗಿಡ, ಪ್ರಾಣಿ ಗುರುತಿಸಲು ಜನ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಫೋಟೋ ಹಾಕುತ್ತೇನೆ. ಹೂವಿನ ಚೆಂದದ ಫೋಟೋ ಒಂದೇ ಸಾಲದು. ಎಲೆಯ ಅಡಿ, ಎಲೆ ಕಡ್ಡಿಗೆ ಸೇರುವ ಜಾಗ, ತೊಗಟೆ, ಅಣಬೆಯಾದರೆ ಬುಡ, ಅದು ಬೆಳೆದ ಮರ ಯಾವುದು, ಇಷ್ಟೂ ಇದ್ದರೆ ಗೊತ್ತಿರುವವರು ಉತ್ತರ ಕೊಡುತ್ತಾರೆ. ಆ್ಯಪ್ ತಾನಾಗಿ ಸೂಚಿಸುವ ಹೆಸರನ್ನು ನಾನು ಸುಳಿವು ಅಂತ ಇಟ್ಟುಕೊಳ್ಳುತ್ತೇನೆ, ತೀರ್ಮಾನ ಅಂತ ಅಲ್ಲ.

ಇನ್ನು ಉಣುಗು. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಉಣುಗಿನ ಭಯ ಹೊಸದಲ್ಲ. ಇಲ್ಲಿ ಅದು ಲೈಮ್ ಕಾಯಿಲೆ ತರುತ್ತದೆ. ಚಳಿಗಾಲದಲ್ಲೂ ಹಿಮ ಕರಗಿ ಬೆಚ್ಚಗಾದ ದಿನ ದೊಡ್ಡ ಉಣುಗುಗಳು ಓಡಾಡುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ಕೂಡಲೇ ಒಣ ಬಟ್ಟೆಯನ್ನು ಡ್ರೈಯರ್‌ನಲ್ಲಿ ಜೋರು ಬಿಸಿಗೆ 10 ನಿಮಿಷ ತಿರುಗಿಸಿ, ಆಮೇಲೆ ಒಗೆಯಿರಿ. ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಮಕ್ಕಳ ತಲೆಕೂದಲ ಬುಡ, ಇಷ್ಟನ್ನಂತೂ ತಪ್ಪದೆ ನೋಡಿ.