ಹಳೇ ಸೀರೆಯ ಕೌದಿ, ಮನೆಯ ಲಾಂಗ್‌ಆರ್ಮ್ ಮೇಲೆ: ನನ್ನ ಅನುಭವ

ಲಾಂಗ್‌ಆರ್ಮ್ ಮೇಲೆ, ಅಂದರೆ ಬಟ್ಟೆಯನ್ನು ಫ್ರೇಮಿನ ರೋಲರುಗಳಿಗೆ ಬಿಗಿದು ಮಷಿನ್ನನ್ನೇ ಅದರ ಮೇಲೆ ಓಡಿಸಿ ಹೊಲಿಯುವ ಕ್ವಿಲ್ಟಿಂಗ್ ಮಷಿನ್ ಮೇಲೆ, ಕೌದಿ ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಒಳಗೆ ಬ್ಯಾಟಿಂಗ್ (ಕ್ವಿಲ್ಟಿನ ನಡುವೆ ಹಾಕುವ ಮೆತ್ತನೆ ಪದರ) ಇಲ್ಲ, ನಾಲ್ಕೈದು ಪದರ ಹಳೇ ಹತ್ತಿ ಸೀರೆ, ಮೇಲೆ ತುಂಡು ಜೋಡಿಸಿದ ಹೊದಿಕೆ, ಅಷ್ಟೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಆಗುವುದಿಲ್ಲ ಅಂದವರೇ ಎಲ್ಲರೂ. ಮಷಿನ್ ರಿಪೇರಿಯವರು ಸೀರೆಯನ್ನು ಫ್ರೇಮಿಗೆ ಏರಿಸಿದರೆ ಹರಿದು ಕೈಗೆ ಬರುತ್ತದೆ ಅಂದರು. ಇಲ್ಲಿ ಒಹಾಯೋದ ಕ್ವಿಲ್ಟಿಂಗ್ ಗೆಳತಿಯರು, ಸುಮ್ನೆ ಯಾಕೆ ಕಷ್ಟ, ಬ್ಯಾಟಿಂಗ್ ಹಾಕಿಕೋ ಅಂದರು. ಧಾರವಾಡದಿಂದ ಅವ್ವ ಫೋನಿನಲ್ಲಿ, "ಕೌದಿ ಅಂದ್ರ ಕೈಯಾಗ ಹೊಲೀಬೇಕವಾ, ಮಷಿನ್ನಿಗೆ ಹೆಂಗ ಬರ್ತದ?" ಅಂದಳು. ಈಗ ಅದೇ ಅವ್ವ ಮೊಮ್ಮಗಳ ಮದುವೆಗೆ ಎರಡು ಕೌದಿ ಕಳಿಸು ಅಂತ ಬೆನ್ನು ಬಿದ್ದಿದ್ದಾಳೆ.

ಮಷಿನ್ ಸೆಕೆಂಡ್ ಹ್ಯಾಂಡ್. 18 ಇಂಚಿನ ಥ್ರೋಟ್ (ಸೂಜಿಯಿಂದ ಮಷಿನ್ನಿನ ಹಿಂಬದಿಯವರೆಗಿನ ಜಾಗ), 12 ಅಡಿ ಫ್ರೇಮ್, ಹೊಲಿಗೆಯ ಉದ್ದ ಸಮ ಇಡುವ ಸ್ಟಿಚ್ ರೆಗ್ಯುಲೇಟರ್ ಇದೆ, ಕಂಪ್ಯೂಟರ್ ಇಲ್ಲ. ಈ ಅಳತೆಯದು ಹೊಸದಾದರೆ ಫ್ರೇಮ್ ಸೇರಿ ಹತ್ತು ಸಾವಿರ ಡಾಲರ್ ದಾಟುತ್ತದೆ. ಕಂಪ್ಯೂಟರ್ ಸೇರಿದರೆ ಇಪ್ಪತ್ತರ ಮೇಲೆ. ಇದು ಐದೂವರೆ ಸಾವಿರದ ಹತ್ತಿರ ಸಿಕ್ಕಿತು. ಭುಜ ನೋವು ಅಂತ ಹೊಲಿಗೆ ಬಿಟ್ಟ ಒಬ್ಬ ಅಜ್ಜಿ ಇಂಡಿಯಾನಾದಲ್ಲಿ ಮಾರುತ್ತಿದ್ದರು. ಮಧ್ಯಪಶ್ಚಿಮದ ರಾಜ್ಯಗಳಲ್ಲಿ ಹಳೇ ಮಷಿನ್ ಹುಡುಕುವುದು ಸುಲಭ. ಈ ಮಷಿನ್ ಮಾಡುವ ಕಂಪನಿಗಳಲ್ಲಿ ಗ್ಯಾಮಿಲ್ ಮಿಸೌರಿಯದು, ಎಪಿಕ್ಯುಎಸ್ ಅಯೋವಾದ್ದು, ಹಾಗಾಗಿ ಈ ಕಡೆ ಬಳಸಿದವರೂ ಜಾಸ್ತಿ, ಮಾರುವವರೂ ಜಾಸ್ತಿ. ಕೊಳ್ಳುವ ಮುಂಚೆ ಕೆಂಟಕಿಯ ಪಡೂಕಾದಲ್ಲಿ ವಸಂತದಲ್ಲಿ ನಡೆಯುವ ಕ್ವಿಲ್ಟ್ ಮೇಳಕ್ಕೆ ಹೋಗಿ ಸಿಕ್ಕ ಮಷಿನ್‌ಗಳನ್ನೆಲ್ಲ ಓಡಿಸಿ ನೋಡಿದ್ದೆ. ಹ್ಯಾಂಡಲ್ ಹಿಡಿದಾಗ ಮೊಣಕೈ ಎಲ್ಲಿ ಬರುತ್ತದೆ ಅನ್ನುವುದು ಕ್ಯಾಟಲಾಗ್ ನೋಡಿದರೆ ಗೊತ್ತಾಗುವುದಿಲ್ಲ. ನಾನು ಐದಡಿ ಒಂದಿಂಚು. ಫ್ರೇಮಿನ ಎತ್ತರ ಇಳಿಸಲು ಬರದ ಮಷಿನ್‌ಗಳನ್ನು ಅಲ್ಲೇ ಬಿಟ್ಟೆ.

ಬೇಸ್‌ಮೆಂಟಿನಲ್ಲಿ ಜಾಗ ಇತ್ತು, ಆದರೆ ನೆಲ ಮಟ್ಟ ಇರಲಿಲ್ಲ. ಬೇಸ್‌ಮೆಂಟ್ ನೆಲ ಡ್ರೈನ್ ಕಡೆಗೆ ಇಳಿಜಾರು ಇರುತ್ತದೆ ಅಲ್ವಾ, ನಮ್ಮಲ್ಲಿ 12 ಅಡಿಗೆ ಮುಕ್ಕಾಲು ಇಂಚಿನಷ್ಟು ಇತ್ತು. ಫ್ರೇಮ್ ಕೂರಿಸಿ ಮಷಿನ್ ಏರಿಸಿ ಕೈ ಬಿಟ್ಟರೆ ತಾನಾಗಿಯೇ ಎಡಗಡೆಗೆ ಉರುಳಿ ಹೋಗುತ್ತಿತ್ತು. ಕಾಲಿನ ಬೋಲ್ಟ್ ತಿರುಗಿಸಿ ತಿರುಗಿಸಿ ಎರಡು ತುದಿ ಸರಿಮಾಡಿದರೆ ನಡುವೆ ತಗ್ಗು ಉಳಿಯಿತು. ಬಬಲ್ ಲೆವೆಲ್ ನಂಬಬೇಡಿ. ಲೇಸರ್ ಲೆವೆಲ್ ತನ್ನಿ, ನಲವತ್ತು ಡಾಲರಿನದು ಸಾಕು. ನನ್ನ ಪರೀಕ್ಷೆ ಇದು: ಮಷಿನ್ನನ್ನು ಎಡಕ್ಕೆ, ನಡುವೆ, ಬಲಕ್ಕೆ, ಮುಂದೆ, ಹಿಂದೆ ನಿಲ್ಲಿಸಿ ಕೈ ಬಿಡಬೇಕು. ಎಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಫ್ರೇಮ್ ಸರಿಯಾಗಿದೆ. ನಡುವಿನ ಕಾಲಿನ ಕೆಳಗೆ ಗಟ್ಟಿ ರಬ್ಬರ್ ತುಂಡು ಕೊಟ್ಟ ಮೇಲೆ ನಮ್ಮದು ನಿಂತಿತು. ಹಲಗೆ ತುಂಡು ಕೊಡಬೇಡಿ, ಬೇಸಿಗೆಯ ತೇವಕ್ಕೆ ಉಬ್ಬುತ್ತದೆ. ಆ ತೇವಕ್ಕೇ ಡಿಹ್ಯೂಮಿಡಿಫೈಯರ್ ಬೇರೆ ತರಬೇಕಾಯಿತು, ಇನ್ನೂರು ಡಾಲರ್. ರೇಲ್‌ಗೆ ಒಮ್ಮೆ ತುಕ್ಕು ಹಿಡಿದರೆ ಮುಗಿಯಿತು.

ಆಮೇಲೆ ನಡುನಡುವೆ ಹೊಲಿಗೆ ಬಿಟ್ಟುಹೋಗುವ ಕಾಟ. ಟ್ರೇಲರಿನಲ್ಲಿ ಕುಲುಕಿ ಬಂದಿದ್ದಕ್ಕೆ ಟೈಮಿಂಗ್, ಅಂದರೆ ಸೂಜಿಗೂ ಕೆಳಗೆ ದಾರ ಹಿಡಿಯುವ ಹುಕ್ಕಿಗೂ ಇರುವ ಹೊಂದಾಣಿಕೆ, ಹೋಗಿತ್ತು. ರಿಪೇರಿಯವರು ಬಂದು ಪ್ರಯಾಣ ಸೇರಿ ಇನ್ನೂರೈವತ್ತೋ ಇನ್ನೂರೆಂಬತ್ತೋ ತೆಗೆದುಕೊಂಡರು. ಮಾಮೂಲಿ ಕ್ವಿಲ್ಟ್ ಚೆನ್ನಾಗಿ ಬಂತು. ಕೌದಿ ಏರಿಸಿ ದಪ್ಪ ಕೂಡು (ತುಂಡುಗಳು ಸೇರುವ ಜಾಗ) ಬಂದ ಕಡೆ ಹೊಲಿದೆ ನೋಡಿ, ಮತ್ತೆ ಅದೇ ಕಥೆ. ಪ್ರತಿ ಸಲ ಅಷ್ಟು ದುಡ್ಡು ಸುರಿಯಲು ಆಗುವುದಿಲ್ಲ ಅಂತ ಟೈಮಿಂಗ್ ಕೂರಿಸುವುದನ್ನು ನಾನೇ ಕಲಿತೆ. ಸೂಜಿ ಪೂರ್ತಿ ಕೆಳಗಿಳಿದು ಮೇಲೇಳಲು ಶುರುಮಾಡಿದಾಗ ಹುಕ್ಕಿನ ಮೂತಿ ಸೂಜಿಯ ಹಿಂದಿನ ತಗ್ಗಿನಲ್ಲಿ, ಕಣ್ಣಿಗಿಂತ ಸ್ವಲ್ಪ ಮೇಲೆ ಬರಬೇಕು. ಎರಡರ ನಡುವೆ ತೆಳು ಕಾಗದ ತೂರುವಷ್ಟೇ ಜಾಗ. ಈಗ ಹುಕ್ಕಿನ ಸ್ಕ್ರೂ ಸಡಿಲಿಸಿ ಕೂರಿಸಿ ಬಿಗಿ ಮಾಡಲು ನನಗೆ ಕಾಲು ಗಂಟೆ ಸಾಕು. ಊರಿನ ಇನ್ನಿಬ್ಬರ ಮಷಿನ್ನಿಗೂ ನಾನೇ ಮಾಡಿಕೊಟ್ಟಿದ್ದೇನೆ.

ಆದರೆ ಕೌದಿಯ ತೊಂದರೆಗೆ ಕಾರಣ ಟೈಮಿಂಗ್ ಅಲ್ಲ, ಸೂಜಿ. ಹಳೇ ಬಟ್ಟೆ, ಸಣ್ಣ ಸೂಜಿ ಹಾಕು, ತೂತು ಕಾಣುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕೇಳಬೇಡಿ. 16ರ ಸೂಜಿ ಏಳೆಂಟು ಪದರದ ಕೂಡಿಗೆ ತಗುಲಿ ಕೂದಲೆಳೆಯಷ್ಟು ಬಾಗುತ್ತದೆ, ಹುಕ್ಕಿಗೆ ದಾರ ಸಿಗುವುದಿಲ್ಲ, ಹೊಲಿಗೆ ಬಿಡುತ್ತದೆ. ಅದಕ್ಕಿಂತ ದಪ್ಪದ 18 ಹಾಕಿದೆ, ಹೊಲಿಗೆ ಬಿಡುವುದು ನಿಂತಿತು. ತೂತು ಒಂದು ಒಗೆತಕ್ಕೆ ಮುಚ್ಚಿಕೊಂಡವು, ಹಳೇ ಹತ್ತಿಯ ಗುಣವೇ ಅದು. ಸೂಜಿಯ ಸುತ್ತ ಮೇಲೆ ಕೆಳಗೆ ಜಿಗಿಯುವ ಪಾದವನ್ನೂ (ಹಾಪಿಂಗ್ ಫುಟ್) ಸ್ವಲ್ಪ ಎತ್ತಬೇಕು, ಇಲ್ಲದಿದ್ದರೆ ಅದು ಮೇಲಿನ ಪದರವನ್ನು ತಳ್ಳಿಕೊಂಡು ಹೋಗುತ್ತದೆ.

ಇನ್ನು ಸೀರೆ. ನನ್ನ ಹತ್ತಿರ ಇರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಅವ್ವನ, ದೊಡ್ಡವ್ವನ ಇಳಕಲ್ ಸೀರೆಗಳು. ಉಟ್ಟು ಉಟ್ಟು ಮೆತ್ತಗಾದವು. ಇಳಕಲ್ ಸೀರೆಯ ಸೆರಗಿನ ಹಾಸು (ಉದ್ದದ ಎಳೆಗಳು) ಬೇರೆ, ಮೈಯ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಹಳೇ ಸೀರೆಯಲ್ಲಿ ಮೊದಲು ಬಿಡುವುದು ಆ ಜಾಗವೇ. ರೋಲರ್ ಬಿಗಿ ಮಾಡಿದಾಗ ಎಳೆತ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಕೆಳಗಿನ ಬಟ್ಟೆಗೆ ಸೆರಗು ಬಿಟ್ಟು ಬರೀ ಮೈ ಕತ್ತರಿಸಿ, ಎರಡು ಅಗಲ ಕೂಡಿಸಿ ಹಾಕುತ್ತೇನೆ. ದಡಿಯೂ ಬೇಡ. ದಡಿ ಬಿಗಿ, ಮೈ ಸಡಿಲ, ಎರಡೂ ಒಟ್ಟಿಗೆ ರೋಲರ್ ಮೇಲೆ ಹೋದರೆ ನಡುವೆ ಜೋಲು ಬೀಳುತ್ತದೆ, ಅದನ್ನು ಯಾವ ಟೆನ್ಷನ್ ಕೂಡ ಸರಿಮಾಡುವುದಿಲ್ಲ. ಒಳಪದರದ ಸೀರೆಗಳ ದಡಿಯನ್ನೂ ಬಿಚ್ಚಿ ತೆಗೆದಿಡುತ್ತೇನೆ. ಆ ದಡಿಗಳು ಮೇಲಿನ ಹೊದಿಕೆಗೆ ಅಂಚಾಗಿ ಬರುತ್ತವೆ, ಅಲ್ಲೇ ಅವಕ್ಕೆ ಚೆಂದ.

ಹರಿಯುತ್ತದೆ ಅಂದವರ ಮಾತು ಒಂದು ವಿಷಯದಲ್ಲಿ ನಿಜ. ಬದಿಯ ಕ್ಲ್ಯಾಂಪನ್ನು ನೇರ ಸೀರೆಗೆ ಹಾಕಿದರೆ ಹರಿಯುತ್ತದೆ. ಎಡಬಲಕ್ಕೆ ನಾಲ್ಕಿಂಚಿನ ಕೋರಾ ಬಟ್ಟೆ ಪಟ್ಟಿ ದೊಡ್ಡ ಹೊಲಿಗೆಯಲ್ಲಿ ಕೂಡಿಸಿ ಕ್ಲ್ಯಾಂಪ್ ಅದಕ್ಕೆ ಹಾಕಬೇಕು. ಮೇಲೆ ಕೆಳಗೆ ಲೀಡರಿಗೂ (ರೋಲರಿಗೆ ಹಿಡಿಸಿರುವ, ಕೌದಿ ಕೂಡಿಸುವ ಬಟ್ಟೆ) ಅದೇ ಪಟ್ಟಿ. ಪಿನ್ ಬೇಡ, ಜಿಪ್ ಹಾಕಿಸಿಕೊಳ್ಳಿ. ಜಿಪ್ ಲೀಡರಿಗೆ ನೂರರ ಆಸುಪಾಸು ಕೊಟ್ಟ ನೆನಪು, ಅಷ್ಟು ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಆದರೂ ಸೀರೆ ಸೀರೆಯೇ. ಎಳೆದ ಕಡೆಗೆ ಹೋಗುತ್ತದೆ. ಅಂಗಡಿಯ ಸ್ಪ್ರೇ ಸ್ಟಾರ್ಚ್ ಹೊಡೆದು ನೋಡಿದೆ, ಡಬ್ಬ ಡಬ್ಬ ಖಾಲಿಯಾಯಿತು, ಬಟ್ಟೆ ಮಾತ್ರ ನಿಲ್ಲಲಿಲ್ಲ. ಕೊನೆಗೆ ಕೈ ಹಿಡಿದದ್ದು ಅನ್ನದ ಗಂಜಿ. ಸೋನಾ ಮಸೂರಿ ಗಂಜಿ ತೆಳ್ಳಗೆ ಬಸಿದು, ತಣ್ಣಗಾದ ಮೇಲೆ ಎರಡು ಸಲ ಬಟ್ಟೆಯಲ್ಲಿ ಸೋಸಿ, ಕೆಳಗಿನ ಬಟ್ಟೆಯನ್ನು ಅದ್ದಿ ಹಿಂಡಿ, ಅರೆ ಒಣಗಿದಾಗ ಇಸ್ತ್ರಿ ಮಾಡಿದರೆ ಆ ಮೆತ್ತನೆ ಸೀರೆ ಹೊಸ ಕೋರಾ ಬಟ್ಟೆಯ ಹಾಗೆ ನಿಲ್ಲುತ್ತದೆ. ಸೋಸದಿದ್ದರೆ ಅಗುಳಿನ ಪುಡಿ ಹುಕ್ಕಿಗೆ ಸೇರಿಕೊಳ್ಳುತ್ತದೆ, ಎಚ್ಚರ. ಗಂಜಿಗೆ ನಾನು ಇನ್ನೊಂದು ಪದಾರ್ಥ ಸೇರಿಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ. ಅದಿಲ್ಲದೆಯೂ ಕೆಲಸ ಆಗುತ್ತದೆ, ಸ್ವಲ್ಪ ಜಾಸ್ತಿ ಇಸ್ತ್ರಿ ಬೇಕು ಅಷ್ಟೇ.

ಕೈಯ ಕೌದಿಗೂ ಫ್ರೇಮಿಗೂ ಇರುವ ದೊಡ್ಡ ವ್ಯತ್ಯಾಸ ಬೇರೆ ಕಡೆ ಇದೆ. ಕೈಯಲ್ಲಿ ಹೊಲಿಯುವವರು ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳ ಕೌದಿಯೂ ಹಾಗೆಯೇ ಮೂಲೆಯಿಂದ ಒಳಗೆ ಬರುತ್ತದೆ. ಒಳಗಿನ ಬಟ್ಟೆಯ ಸಡಿಲ ಕೈಯಡಿ ಗೊತ್ತಾಗುತ್ತದೆ, ಅಲ್ಲಲ್ಲೇ ಒತ್ತಿ ಹಂಚಿಬಿಡುತ್ತಾರೆ. ಫ್ರೇಮ್ ಮೇಲೆ ಕೆಲಸ ಮೇಲಿನಿಂದ ಕೆಳಕ್ಕೆ ಮಾತ್ರ. ಸಡಿಲವೆಲ್ಲ ಕೆಳಗೆ ಇಳಿದು ಇಳಿದು ಕೊನೆಯ ಅಡಿಯಲ್ಲಿ ನೆರಿಗೆ ಆಗುತ್ತದೆ. ನನ್ನ ಮೊದಲಿನ ಕೌದಿಗಳ ಕೆಳಅಂಚಿನಲ್ಲಿ ಆ ನೆರಿಗೆ ಬಂದು, ಬಿಚ್ಚುವುದಕ್ಕೇ ವಾರಗಟ್ಟಲೆ ಹೋಯಿತು. ಅದಕ್ಕೆ ಈಗ ಮಾಡುವುದು ಹೀಗೆ: ಒಳಪದರಗಳನ್ನು ರೋಲರಿಗೆ ಕಟ್ಟದೆ ಸುಮ್ನೆ ತೇಲಿಬಿಡುತ್ತೇನೆ, ಒಂದೊಂದು ಅಡಿ ಸುತ್ತುವ ಮುಂಚೆ ಎಲ್ಲ ಪದರವನ್ನೂ ಕೈಯಿಂದ ನಡುವಿನಿಂದ ಬದಿಗೆ ಸವರಿ, ದೊಡ್ಡ ಹೊಲಿಗೆಯಲ್ಲಿ ಬದಿ ಹಿಡಿಸಿ, ಆಮೇಲೆ ಸಾಲು ಹೊಲಿಯುವುದು. ಸಾಲುಗಳನ್ನು ಯಾವ ಕಡೆಯಿಂದ ಯಾವ ಕಡೆಗೆ ಅನ್ನುವುದಕ್ಕೂ ಒಂದು ಕ್ರಮ ಇದೆ. ಅದನ್ನು ನನ್ನ ಹತ್ತಿರ ಕಲಿಯಲು ಬಂದವರಿಗೆ ಮಾತ್ರ ತೋರಿಸುತ್ತೇನೆ.

ಕೈಹೊಲಿಗೆಯ ಚುಕ್ಕಿ ಚುಕ್ಕಿ ನೋಟ ಬರಲಿ ಅಂತ ಒಂದು ಪ್ರಯೋಗವನ್ನೂ ಮಾಡಿದೆ. ಮೇಲೆ ಕಣ್ಣಿಗೆ ಕಾಣದ ನೈಲಾನ್ ದಾರ, ಬಾಬಿನ್‌ನಲ್ಲಿ ಬಣ್ಣದ ದಾರ, ಮೇಲಿನ ಟೆನ್ಷನ್ ಬಿಗಿ. ಬಾಬಿನ್ ದಾರ ಚುಕ್ಕಿಯಾಗಿ ಮೇಲೆ ಬಂತು, ದೂರದಿಂದ ಕೈಹೊಲಿಗೆಯೇ. ಆದರೆ ಮೈಗೆ ಚುಚ್ಚುತ್ತದೆ, ಬಿಸಿ ಇಸ್ತ್ರಿಗೆ ಕರಗುತ್ತದೆ. ಮಗು ಮಲಗುವ ಕೌದಿಗೆ ಅದು ಬೇಡ ಅಂತ ಬಿಟ್ಟೆ. 12 ವೇಟ್‌ನ ದಪ್ಪ ಹತ್ತಿ ದಾರವೂ ಹಾಕಿದೆ, ನೋಟ ಅದ್ಭುತ, ಆದರೆ ಸಾಲಿಗೊಮ್ಮೆ ದಾರ ಬಿರಿದು ನಿಲ್ಲುತ್ತಿತ್ತು. ಕೊನೆಗೆ ಉಳಿದದ್ದು ಅದಕ್ಕಿಂತ ತೆಳುವಾದ 40 ವೇಟ್ ಪಾಲಿಯೆಸ್ಟರ್ ದಾರ, ಇಂಚಿಗೆ ಆರೇಳು ಹೊಲಿಗೆ. ಇಲ್ಲಿಯವರು ಹತ್ತು-ಹನ್ನೆರಡು ಹಾಕುತ್ತಾರೆ. ಕೌದಿಗೆ ಅಷ್ಟು ಹಾಕಿದರೆ ಅದು ಹಲಗೆಯಾಗುತ್ತದೆ, ಮೈಗೆ ಒರಗುವುದಿಲ್ಲ. ಬಾಬಿನ್ ಟೆನ್ಷನ್ ಮಾಮೂಲಿ ಕ್ವಿಲ್ಟಿಗೆ ಟೋವಾ ಗೇಜಿನಲ್ಲಿ (ಬಾಬಿನ್ ದಾರದ ಬಿಗಿ ಅಳೆಯುವ ಸಾಧನ) 200ರ ಹತ್ತಿರ ಇಡುತ್ತೇನೆ, ಕೌದಿಗೆ 150-160.

ಒಂದು ಸಲ ಹೊಲಿಗೆ ಇದ್ದಕ್ಕಿದ್ದಂತೆ ಉದ್ದ ಗಿಡ್ಡ ಬರಲು ಶುರುವಾಯಿತು. ರೆಗ್ಯುಲೇಟರ್ ಬೋರ್ಡ್ ಹೋಗಿದೆ, ಒಂಬೈನೂರು ಡಾಲರ್ ಆಗಬಹುದು ಅಂದರು. ನೋಡಿದರೆ ಮಷಿನ್ ಎಷ್ಟು ಓಡಿತು ಅಂತ ಅಳೆಯುವ ಎನ್‌ಕೋಡರ್ ಚಕ್ರಕ್ಕೆ ಸೀರೆಯ ನವಿರು ನೂಲು ಸುತ್ತಿಕೊಂಡು ರೇಲ್ ಮೇಲೆ ಜಾರುತ್ತಿತ್ತು. ಚಿಮಟದಿಂದ ಕಿತ್ತು ತೆಗೆದೆ, ಸರಿಹೋಯಿತು. ಹಳೇ ಸೀರೆ ಬ್ಯಾಟಿಂಗಿಗಿಂತ ಜಾಸ್ತಿ ಎಳೆ ಉದುರಿಸುತ್ತದೆ. ಬಾಬಿನ್ ಬದಲಿಸಿದಾಗಲೆಲ್ಲ ಹುಕ್ ಒರೆಸಿ ಒಂದು ಹನಿ ಎಣ್ಣೆ, ದಿನದ ಕೊನೆಗೆ ಚಕ್ರ ಒರೆಸುವುದು, ಇಷ್ಟು ಮಾಡಿದ್ದಕ್ಕೆ ಮತ್ತೆ ಆ ತೊಂದರೆ ಬಂದಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ಮಷಿನ್, ಸಾಗಣೆ, ರಿಪೇರಿ, ಲೀಡರ್, ದಾರ ಎಲ್ಲ ಸೇರಿ ಏಳು ಸಾವಿರ ದಾಟಿದೆ. ಈ ಕಡೆ ಅಂಚಿನಿಂದ ಅಂಚಿಗೆ ಒಂದೇ ವಿನ್ಯಾಸ ಹೊಲಿಯಲು ಚದರ ಇಂಚಿಗೆ ಎರಡು-ಮೂರು ಸೆಂಟ್ ದರ ಇದೆ. ನಾನು ಕೌದಿಗೆ ನಾಲ್ಕು ತೆಗೆದುಕೊಳ್ಳುತ್ತೇನೆ. 60ಕ್ಕೆ 80 ಇಂಚಿನದಕ್ಕೆ 190 ಚಿಲ್ಲರೆ ಡಾಲರ್. ಜಾಸ್ತಿ ಆಯಿತು ಅಂದವರು ಅಮ್ಮನ ಸೀರೆಯನ್ನು ಕೌದಿಯಾಗಿ ಕೈಗೆ ತೆಗೆದುಕೊಂಡ ಮೇಲೆ ಚೌಕಾಸಿ ಮಾಡಿಲ್ಲ. ಹೂಸ್ಟನ್, ಸ್ಯಾನ್ ಹೋಸೆಯಿಂದಲೂ ಕನ್ನಡದವರು ಸೀರೆ ಪಾರ್ಸೆಲ್ ಮಾಡುತ್ತಾರೆ. ಹಾಕಿದ ದುಡ್ಡಿನಲ್ಲಿ ಮುಕ್ಕಾಲು ಪಾಲು ವಾಪಸ್ ಬಂದಿದೆ.

15 ಇಂಚಿನ ಮಷಿನ್ ಇರುವವರು ಒಂದು ಗಮನದಲ್ಲಿಡಿ. ಕೌದಿ ಸುತ್ತಿಕೊಂಡ ಹಾಗೆ ಟೇಕ್‌ಅಪ್ ರೋಲರ್ ದಪ್ಪವಾಗಿ ಥ್ರೋಟ್ ಜಾಗ ತಿನ್ನುತ್ತದೆ. ನನ್ನ 18ರಲ್ಲೇ ಕೊನೆಗೆ ಹತ್ತಿಂಚು ಉಳಿದರೆ ಪುಣ್ಯ. ನಿಮ್ಮದರಲ್ಲಿ ಮೂರು ಪದರದ ಕೂಸಿನ ಕೌದಿಯಿಂದ ಶುರುಮಾಡಿ, ಅದಕ್ಕೆ ಹೊರಗಿನ ಎರಡು ಸುತ್ತು ಮಾತ್ರ ಕೈಯಲ್ಲಿ ಹಾಕಿ.