ಬಯಲು ಅಣಬೆಯನ್ನು ಬುಡದಿಂದ ಗುರುತಿಸುವ ಬಗೆ

ಮಳೆ ಬಿದ್ದ ಕೆಲವು ದಿನಗಳಲ್ಲಿ ದನಕರು ಮೇಯುವ ತೆರೆದ ಹುಲ್ಲುಗಾವಲಿನಲ್ಲಿ ಬೆಳ್ಳಗೆ ತಲೆಯೆತ್ತುವ ಅಣಬೆಗಳಲ್ಲಿ ಬಯಲು ಅಣಬೆ, ಅಂದರೆ ಅಗಾರಿಕಸ್ ಕ್ಯಾಂಪೆಸ್ಟ್ರಿಸ್, ಒಂದು. ಅದರ ಕೊಡೆ ಸಾಮಾನ್ಯವಾಗಿ 3ರಿಂದ 10 ಸೆಂ.ಮೀ. ಅಗಲವಿರುತ್ತದೆ. ಆದರೆ ಬಿಳಿ ಕೊಡೆಯನ್ನಷ್ಟೇ ನೋಡಿ ಹೆಸರು ಹೇಳುವುದು ಅಪಾಯಕರ, ಏಕೆಂದರೆ ಪ್ರಾಣ ತೆಗೆಯುವ ಅಮಾನಿಟಾ ಜಾತಿಯ ಕೆಲವು ಅಣಬೆಗಳದ್ದೂ ಬಿಳಿ ಕೊಡೆಯೇ.

ಅಣಬೆಯನ್ನು ಕಿತ್ತು ತೆಗೆಯದೆ, ಚಾಕುವಿನಿಂದ ಸುತ್ತಲಿನ ಮಣ್ಣನ್ನು ಸಡಿಲಿಸಿ ಬುಡಸಮೇತ ಎತ್ತಬೇಕು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಲ್ಲ: ಅಮಾನಿಟಾದ ದಂಟಿನ ಬುಡದಲ್ಲಿರುವ ತೆಳು ಚೀಲ ಮಣ್ಣಿನಲ್ಲೇ ಹರಿದು ಉಳಿದರೆ, ನಮ್ಮನ್ನು ಎಚ್ಚರಿಸಬೇಕಾದ ಗುರುತೇ ಕೈತಪ್ಪುತ್ತದೆ. ಬಯಲು ಅಣಬೆಯ ಬುಡದಲ್ಲಿ ಚೀಲವಿರುವುದಿಲ್ಲ. ದಂಟು ಕೆಳಕ್ಕೆ ಹೋದಂತೆ ತುಸು ಸಣ್ಣಗಾಗುವುದೇ ಹೆಚ್ಚು.

ಬಳಿಕ ಅಣಬೆಯನ್ನು ಮಗುಚಿ ಕಿವಿರುಗಳನ್ನು, ಅಂದರೆ ಕೊಡೆಯ ಅಡಿಯಲ್ಲಿರುವ ತೆಳು ಪದರಗಳನ್ನು, ನೋಡಬೇಕು. ಕೊಡೆಯ ಅಂಚಿಗೂ ದಂಟಿಗೂ ನಡುವಿನ ತೆಳು ಪೊರೆ ಆಗಷ್ಟೇ ಹರಿದು ದಂಟಿನ ಮೇಲೆ ನಾಜೂಕಾದ ಉಂಗುರವಾಗಿ ಉಳಿದಿರುವ ಎಳೆಯ ಅಣಬೆಯಲ್ಲಿ ಕಿವಿರುಗಳು ಎದ್ದು ಕಾಣುವ ಗುಲಾಬಿ ಬಣ್ಣದಲ್ಲಿರುತ್ತವೆ; ಬಲಿತಂತೆ ಅವು ಕಂದಾಗಿ, ಕೊನೆಗೆ ಕಪ್ಪಿಗೆ ಹತ್ತಿರದ ಕಡುಕಂದು ಬಣ್ಣಕ್ಕೆ ತಿರುಗುತ್ತವೆ. ಅವು ದಂಟಿಗೆ ಅಂಟಿಕೊಂಡಿರುವುದಿಲ್ಲ. ಬಿಳಿಯಾಗಿಯೇ ಉಳಿದ ಕಿವಿರು ಕಂಡರೆ ಅದು ಬಯಲು ಅಣಬೆಯಲ್ಲ.

ಇಷ್ಟೆಲ್ಲ ಹೊಂದಿದರೂ ಹೊಟ್ಟೆ ಕೆಡಿಸುವ ಅಗಾರಿಕಸ್ ಕ್ಸಾಂಥೊಡರ್ಮಸ್ ಇದೇ ರೂಪದಲ್ಲಿ ಇದೇ ಹುಲ್ಲಿನಲ್ಲಿ ಬೆಳೆಯಬಲ್ಲದು. ದಂಟಿನ ಬುಡವನ್ನು ಉದ್ದಕ್ಕೆ ಸೀಳಿದ ಕೂಡಲೇ ಒಳಭಾಗ ಢಾಳಾದ ಹಳದಿಗೆ ತಿರುಗಿದರೆ, ಶಾಯಿಯನ್ನೋ ಫಿನಾಯಿಲನ್ನೋ ನೆನಪಿಸುವ ವಾಸನೆ ಬಂದರೆ, ಅದನ್ನು ಅಲ್ಲಿಯೇ ಬಿಡಬೇಕು.

ಕೊನೆಯದು ಬೀಜಕಗಳ, ಅಂದರೆ ಕಿವಿರುಗಳಿಂದ ಉದುರುವ ಪುಡಿಯಂಥ ಸೂಕ್ಷ್ಮ ಕಣಗಳ, ಬಣ್ಣ. ಅರಳಿದ ಕೊಡೆಯನ್ನು ದಂಟಿನಿಂದ ಬೇರ್ಪಡಿಸಿ, ಕಿವಿರು ಕೆಳಮುಖವಾಗುವಂತೆ ಬಿಳಿ ಕಾಗದದ ಮೇಲಿಟ್ಟು, ಲೋಟ ಬೋರಲು ಹಾಕಿ ರಾತ್ರಿಯಿಡೀ ಬಿಟ್ಟರೆ, ಉದುರಿದ ಬೀಜಕಗಳ ಅಚ್ಚು ಕಾಗದದ ಮೇಲೆ ಮೂಡುತ್ತದೆ. ಬಯಲು ಅಣಬೆಯ ಅಚ್ಚು ಕಡುಕಂದು. ಹಸಿರು ಛಾಯೆ ಕಂಡರೆ ಅದು ವಾಂತಿಭೇದಿ ತರುವ ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್ ಇರಬಹುದು. ಅಮಾನಿಟಾದ ಅಚ್ಚು ಬಿಳಿಯಾದ್ದರಿಂದ ಕಾಗದದ ಅರ್ಧಕ್ಕೆ ಕಪ್ಪು ಬಳಿದಿದ್ದರೆ ಅದೂ ಕಾಣುತ್ತದೆ.

ಇನ್ನೂ ಅರಳದ ಮೊಗ್ಗುಗಳಿಗೆ ಈ ಯಾವ ಪರೀಕ್ಷೆಯೂ ಪೂರ್ತಿ ಸಾಲದು. ಅವುಗಳನ್ನು ಮುಟ್ಟದಿರುವುದೇ ಲೇಸು. ಅರಳಿದವನ್ನೂ ತಿನ್ನುವ ಉದ್ದೇಶವಿದ್ದರೆ ಬುಡಸಮೇತ ತಜ್ಞರಿಗೆ ತೋರಿಸಲೇಬೇಕು, ಏಕೆಂದರೆ ಅಮಾನಿಟಾದ ಮಾರಕ ವಿಷ ಬೇಯಿಸಿದರೂ ನಾಶವಾಗುವುದಿಲ್ಲ, ಮತ್ತು ಅದರ ಲಕ್ಷಣಗಳು ಹೊರಬೀಳಲು ಸಾಮಾನ್ಯವಾಗಿ 6 ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ.