ಕಿರಣಳ ಕಥೆ ಪಾಠ ಮಾಡಿದ್ದು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಭಾನುವಾರ ಕನ್ನಡ ಕಲಿಸುತ್ತೇನೆ. ಬರುವವರು ಒಂಬತ್ತು, ಹತ್ತನೇ ಕ್ಲಾಸಿನವರು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಹಿಂದಿ, ಮನೆಯಲ್ಲಿ ಕನ್ನಡ ಇಲ್ಲವೇ ತುಳು. ಗಂಡೋ ಹೆಣ್ಣೋ ಅನ್ನುವ ಗುರುತಿನ ತೊಳಲಾಟದ ಬಗ್ಗೆ ಅವರ ವಯಸ್ಸಿಗೆ ಹೊಂದುವ ಕನ್ನಡ ಕಥೆ ಕೈಗೆ ಸಿಗಲಿಲ್ಲ. ನಾನೇ ಒಂದು ಬರೆದೆ.

ಕಥೆಯ ಕಿರಣ ಅಮ್ಮನ ಜೊತೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಓಡಾಡಿ ಬೆಳೆದವಳು. ಊರೆಲ್ಲ ಅವಳನ್ನು ಹುಡುಗ ಅನ್ನುತ್ತದೆ. ಹುಡುಗರಿಗೆ ಆ ಡಬ್ಬಿ ಒಂದು ವಯಸ್ಸಿನವರೆಗೆ ಮಾತ್ರ. ವಯಸ್ಸು ದಾಟಿದ ಮೇಲೆ ಒಂದು ಬೆಳಿಗ್ಗೆ ಅಮ್ಮ ಹತ್ತುತ್ತಾಳೆ, ಕಿರಣ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾಳೆ. ಅಲ್ಲಿಗೆ ಓದು ನಿಲ್ಲಿಸಿ, "ಈಗ ಏನು ಮಾಡ್ತಾಳೆ?" ಅಂತ ಚೀಟಿಯಲ್ಲಿ ಬರೆಸಿದೆ, ಹೆಸರಿಲ್ಲದೆ. ಬಾಯಲ್ಲಿ ಕೇಳಿದ್ದರೆ ನಗು, ಲೋಕಲ್‌ನಲ್ಲಿ ಚಪ್ಪಾಳೆ ತಟ್ಟಿ ದುಡ್ಡು ಕೇಳುವ ಹಿಜ್ರಾಗಳನ್ನು ಅಣಕಿಸುವುದು, ಇಷ್ಟೇ ಬರುತ್ತಿತ್ತು. ಒಂದು ಚೀಟಿಯಲ್ಲಿತ್ತು: "ಆ ಟ್ರೇನ್ ಬಿಟ್ಟುಬಿಡ್ತಾಳೆ. ಮುಂದಿನದನ್ನೂ."

ನನ್ನ ಕ್ಲಾಸಿನಲ್ಲಿ ಕಟ್ಟುಪಾಡು ಒಂದೇ. ಮಾತೆಲ್ಲ ಕಿರಣಳ ಬಗ್ಗೆ, ಅಲ್ಲಿ ಕೂತವರ ಬಗ್ಗೆ ಅಲ್ಲ. "ನಿಮಗೂ ಹೀಗೆ ಅನ್ನಿಸಿದೆಯಾ?" ಅಂತ ಮಾತ್ರ ಕೇಳಬೇಡಿ. ನಿಜವಾಗಿ ಅನ್ನಿಸಿದವರೇ ಮೊದಲು ಬಾಯಿ ಮುಚ್ಚುತ್ತಾರೆ.

ಒಬ್ಬ ಹುಡುಗಿ ಕೇಳಿದಳು, "ಟೀಚರ್, ನಮ್ಮ ಮಾವ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡ್ತಾರೆ. ಅದೂ ಇದೇ ಅಲ್ವಾ?" ಒಳ್ಳೆ ಪ್ರಶ್ನೆ. ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಬಂದು ಬಣ್ಣ ತೆಗೆದರೆ ಮಾವ ಮಾವನೇ. ಕಿರಣಳಿಗೆ ಹುಡುಗರ ಯೂನಿಫಾರ್ಮೇ ವೇಷ, ಕಳಚೋಕೆ ಚೌಕಿ ಇಲ್ಲ. ಆಮೇಲೆ ಜಾಸ್ತಿ ವಿವರಿಸಬೇಕಾಗಲಿಲ್ಲ.

"ಆಪರೇಷನ್ ಆದ್ರೆ ಮಾತ್ರ ಹುಡುಗಿನಾ?" ಅಂತ ಇನ್ನೊಬ್ಬ. ಆಪರೇಷನ್ ಆಗಲೇಬೇಕು ಅನ್ನುವಂತಿಲ್ಲ, ಗುರುತು ಅವರವರೇ ಹೇಳಿಕೊಳ್ಳುವಂಥದ್ದು ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಕೊಟ್ಟ ತೀರ್ಪನ್ನು ಹೇಳಿದೆ. ಕಾನೂನು ಅಷ್ಟೇ ಸಾಕು, ಅವರು ಬಂದಿದ್ದು ಕಥೆಗೆ.

ಜಗಳ ಆಗಿದ್ದು ಕೊನೆಯ ಪುಟಕ್ಕೆ. ಕಿರಣ ತಮ್ಮನಿಗೆ, "ಇನ್ಮೇಲೆ ಅಕ್ಕ ಅನ್ನು" ಅನ್ನುತ್ತಾಳೆ, ಕಥೆ ಮುಗಿಯುತ್ತದೆ. ಅಮ್ಮ ಬಂದು ಅಪ್ಪಿಕೊಳ್ಳಬೇಕು ಅಂತ ಹೆಚ್ಚಿನವರ ಹಟ. ಅಮ್ಮ ಒಪ್ಪುವವರೆಗೆ ಮಗಳು ತನ್ನನ್ನು ತಾನು ಒಪ್ಪಿಕೊಳ್ಳೋಕೆ ಕಾಯುವ ಕಥೆ ನನಗೆ ಬೇಡವಾಗಿತ್ತು. ಅಮ್ಮ ಬೇಕಾದವರು ಮುಂದಿನ ಅಧ್ಯಾಯ ಬರೆದು ತನ್ನಿ ಅಂದೆ, ಅದೂ ಹೆಸರಿಲ್ಲದೆ.

ಕಥೆಯ ಪ್ರತಿಯನ್ನು ಮನೆಗಳಿಗೂ ಕಳಿಸಿದ್ದೆ. ಒಬ್ಬ ತಾಯಿ ಫೋನ್ ಮಾಡಿ, "ಇದೆಲ್ಲ ಈಗ್ಲೇ ಯಾಕೆ ಟೀಚರ್?" ಅಂದರು. ಹಿಂದೆ ಕೂತು ಕೇಳಿ ಬನ್ನಿ ಅಂದೆ. ಮಕ್ಕಳ ಅಧ್ಯಾಯಗಳನ್ನು ಓದಿದ ದಿನ ಬಂದರು. ಹೋಗುವಾಗ, ತಮ್ಮ ಮಗ ಬರೆದಿದ್ದು ಯಾವುದು ಅಂತ ಕೇಳಿದರು. ಗೊತ್ತಿಲ್ಲ ಅಂದೆ.